ಠೀವಿ

ಫೆಬ್ರವರಿಯ ಒಂದು ರಾತ್ರಿ. ಹೊಸ ಮಾತ್ರೆಯೊಂದರ ಪ್ರಯೋಗಕ್ಕೆ ರೋಗಿಗಳಿಂದ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ, ಹದಿನಾಲ್ಕು ಪುಟ, ಬೆಳಗ್ಗೆ ಹತ್ತರೊಳಗೆ ಕನ್ನಡದಲ್ಲಿ ಕೊಡಬೇಕಿತ್ತು. ಪುಣೆಯ ನಮ್ಮ ಮನೆಯ ಊಟದ ಮೇಜಿನ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಡಿಸೈನ್ ಕಾಲೇಜಿನ ಮೂರನೇ ವರ್ಷದಲ್ಲಿರುವ ಅಕ್ಕನ ಮಗಳು.

“ಚಿಕ್ಕಿ, ಮಾಡ್ ಅಂದ್ರೆ ಕನ್ನಡದಲ್ಲಿ ಏನು?”

“ಯಾವ ಮಾಡು? ಕೆಲಸ ಮಾಡು ಅಂತಾರಲ್ಲ, ಅದಾ?”

ಒಳಕೋಣೆಯಿಂದ ಅಪ್ಪನ ದನಿ ಬಂತು. “ಮನೆಯ ಮಾಡು ಮಾರಾಯ್ತಿ. ಹಂಚಿನ ಮಾಡು.” ಕುಂದಾಪುರದ ಕಡೆಯವರಿಗೆ ಮಾಡು ಎಂದರೆ ಮೊದಲು ನೆನಪಾಗುವುದು ಸೂರು. ಹದಿನಾಲ್ಕನೇ ವಯಸ್ಸಿಗೆ ಊರು ಬಿಟ್ಟು ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆಯಲು ಬಂದವರಿಗೂ.

ಹುಡುಗಿ ಕೇಳಿದ್ದು ಇವೆರಡೂ ಅಲ್ಲ. ಅವಳ ಕಾಲೇಜಿನಲ್ಲಿ ಒಂದು ಸಂಗೀತ ಪತ್ರಿಕೆಯನ್ನು ವಿನ್ಯಾಸ ಮಾಡಲು ಹೇಳಿದ್ದರು: ಮುಖಪುಟ, ಪರಿವಿಡಿ, ಎದುರುಬದುರು ಪುಟಗಳ ಒಂದು ಲೇಖನ. ಯಾವುದಾದರೂ ಹಳೆಯ ಯುವಜನರ ಪಂಥವೊಂದನ್ನು ಆಧಾರವಾಗಿ ಇಟ್ಟುಕೊಳ್ಳಬೇಕು, ಮತ್ತು ಪತ್ರಿಕೆ ಎರಡು ಭಾಷೆಯಲ್ಲಿರಬೇಕು, ಅದರಲ್ಲಿ ಒಂದು ಮನೆಮಾತು. ಅವಳು ಬ್ರಿಟನ್ನಿನ ಮಾಡ್‌ಗಳನ್ನು ಆರಿಸಿಕೊಂಡಿದ್ದಳು. ಇಂಗ್ಲಿಷ್ ಅವಳದು, ಕನ್ನಡ ನನ್ನದು ಎಂದು ನನ್ನನ್ನು ಕೇಳದೆಯೇ ತೀರ್ಮಾನವಾಗಿತ್ತು. ಮನೆಯವರ ಕೆಲಸಕ್ಕೆ ಪದಕ್ಕೆ ಇಷ್ಟೆಂದು ಬಿಲ್ ಕಳಿಸುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಒಪ್ಪಿಗೆ ಪತ್ರ ಮುಗಿಸಿ ಆಮೇಲೆ ಯೋಚಿಸಿದೆ. 1950ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಜಾಜ್ ಕೇಳುವವರಲ್ಲಿ ಎರಡು ಪಂಗಡಗಳಿದ್ದವು. ನ್ಯೂ ಆರ್ಲಿಯನ್ಸಿನ ಹಳೆಯ ಶೈಲಿಯೇ ಸರಿ ಎನ್ನುವ ಟ್ರಾಡ್‌ಗಳು ಒಂದು ಕಡೆ. ಮೈಲ್ಸ್ ಡೇವಿಸ್‌ನಂಥವರ ಹೊಸ ಜಾಜ್ ಬೇಕೆನ್ನುವ ಮಾಡರ್ನಿಸ್ಟರು ಇನ್ನೊಂದು ಕಡೆ. ಆ ಉದ್ದ ಹೆಸರು ಬಾಯಲ್ಲಿ ಸವೆದು ಮಾಡ್ ಆಯಿತು. ಹಾಗಾದರೆ ಕನ್ನಡದಲ್ಲಿ ನವ್ಯರು! ಅಡಿಗರ ‘ಚಂಡೆಮದ್ದಳೆ’ 1954ರದು, ‘ಭೂಮಿಗೀತ’ 1959ರದು. ಸೋಹೋದ ಕಾಫಿ ಅಂಗಡಿಗಳಲ್ಲಿ ಹುಡುಗರು ಹೊಸಬರಾಗುತ್ತಿದ್ದ ಹೊತ್ತಿಗೆ ಸರಿಯಾಗಿ ನಮ್ಮ ಕವಿಗಳೂ ಹೊಸಬರಾಗುತ್ತಿದ್ದರು. ಖುಷಿಯಾಗಿ ಹುಡುಗಿಗೆ ಹೇಳಿದೆ.

“ನವ್ಯಾ ಅಂತ ನನ್ನ ಕ್ಲಾಸಲ್ಲೇ ಒಬ್ಬಳು ಇದ್ದಾಳೆ ಚಿಕ್ಕಿ. ಎಲ್ಲರೂ ನಗ್ತಾರೆ.”

ಎಂ.ಎ.ಯಲ್ಲಿ ಭಾಷಾವಿಜ್ಞಾನ ಓದಿದ್ದು ಹೀಗೆ ಒಂದೊಂದೇ ಸಲ ಕೈಕೊಡುತ್ತದೆ. ಮಾಡ್ ಮಾಡ್ ಆಗಿಯೇ ಉಳಿಯಿತು.

ಆದರೂ ಆ ವಾರವೆಲ್ಲ ಆ ಹುಡುಗರು ನನ್ನ ತಲೆ ಬಿಟ್ಟು ಹೋಗಲಿಲ್ಲ. ಹೆಚ್ಚಿನವರು ಗುಮಾಸ್ತರು, ಅಂಗಡಿ ಸಹಾಯಕರು, ಆಫೀಸಿನಲ್ಲಿ ಕಾಗದ ಹಂಚುವವರು. ಮೊದಲ ತಲೆಮಾರಿನವರಲ್ಲಿ ಪೂರ್ವ ಲಂಡನ್ನಿನ ಯಹೂದಿ ದರ್ಜಿಗಳ ಮಕ್ಕಳೂ ಇದ್ದರು, ಹಾಗಾಗಿ ಬಟ್ಟೆಯ ಕಣ್ಣು ಹುಟ್ಟಿನಿಂದಲೇ ಇತ್ತು. ವಾರದ ಸಂಬಳ ಹೋಗುತ್ತಿದ್ದುದು ಇಟಲಿಯ ಮಾದರಿಯ ಬಿಗಿ ಸೂಟಿಗೆ, ಅಮೆರಿಕದ ಕಪ್ಪು ಗಾಯಕರ ರೆಕಾರ್ಡುಗಳಿಗೆ, ಜಮೈಕಾದ ಸ್ಕಾಗೆ, ಮತ್ತು ಸ್ಕೂಟರಿನ ಕಂತಿಗೆ. ಸೂಟಿಗೆ ಕೊಳೆಯಾಗದಿರಲೆಂದು ಮೇಲೆ ಅಮೆರಿಕನ್ ಸೈನ್ಯದ ಹಳೆ ಪಾರ್ಕಾ ಕೋಟು. ಈಗ ಆ ಕೋಟೇ ಮಾಡ್‌ಗಳ ಗುರುತು. ಅವರ ಮಟ್ಟಿಗೆ ಅದು ಹೊದಿಕೆ ಅಷ್ಟೇ, ಒಳಗಿದ್ದುದೇ ಮುಖ್ಯ. ಶನಿವಾರ ರಾತ್ರಿಯಿಡೀ ಕುಣಿಯಲು ಡ್ರಿನಮಿಲ್ ಎಂಬ ಮಾತ್ರೆ ನುಂಗುತ್ತಿದ್ದರು. 1964ರಲ್ಲಿ ಅದನ್ನೆಲ್ಲ ತಡೆಯಲು ಸರ್ಕಾರ ಕಾನೂನೇ ತಂದಿತು.

ಅದೇ 1964ರಲ್ಲಿ ಈಸ್ಟರ್ ರಜೆಗೆ ಕ್ಲಾಕ್ಟನ್ ಎಂಬ ಸಮುದ್ರದಂಡೆಯ ಊರಲ್ಲಿ, ಮೇ ತಿಂಗಳ ರಜೆಗೆ ಮಾರ್ಗೇಟ್ ಮತ್ತು ಬ್ರೈಟನ್‌ನಲ್ಲಿ ಮಾಡ್‌ಗಳಿಗೂ ಮೋಟರ್‌ಬೈಕಿನ ರಾಕರ್‌ಗಳಿಗೂ ಹೊಡೆದಾಟವಾಯಿತು. ಆದದ್ದಕ್ಕಿಂತ ದೊಡ್ಡದಾಗಿ ಪತ್ರಿಕೆಗಳಲ್ಲಿ ಬಂತು. ಸ್ಟಾನ್ಲಿ ಕೊಹೆನ್ ಎಂಬ ಸಮಾಜಶಾಸ್ತ್ರಜ್ಞ ಇದನ್ನೇ ಹಿಡಿದು, ಒಂದು ಸಮಾಜ ತನಗೆ ಬೇಕಾದ ಭೂತವನ್ನು ಹೇಗೆ ಕಟ್ಟಿಕೊಳ್ಳುತ್ತದೆ ಎಂದು 1972ರಲ್ಲಿ ಪುಸ್ತಕ ಬರೆದ. ಮಾರ್ಗೇಟಿನ ನ್ಯಾಯಾಧೀಶರು ಆ ಹುಡುಗರನ್ನು ಮರದ ಹೊಟ್ಟು ತುಂಬಿದ ಸೀಸರ್‌ಗಳು ಎಂದು ಬೈದಿದ್ದರು. ಗುಂಪಿನಲ್ಲಿ ಮಾತ್ರ ಶೂರರು ಎಂದು ಅದರ ತಾತ್ಪರ್ಯ. ಕನ್ನಡಕ್ಕೆ ನಾನು ಉತ್ತರಕುಮಾರರು ಎಂದು ಹಾಕಿದೆ. ಆ ಒಂದು ಪದದ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ.

ಇನ್ನೊಂದು ಪದ ಹಾಗೆಯೇ ತಾನಾಗಿ ಬಂದು ಕೂತಿತು. ಮಾಡ್‌ಗಳಲ್ಲಿ ಎಲ್ಲರಿಗಿಂತ ಮೊದಲು ಹೊಸ ಉಡುಪು, ಹೊಸ ಕುಣಿತ ತರುವವನಿಗೆ ಫೇಸ್ ಎನ್ನುತ್ತಿದ್ದರು. ಹಿಂಬಾಲಿಸುವ ಸಾಮಾನ್ಯರು ಟಿಕೆಟ್‌ಗಳು. ಮುಖದಿಂದ ಹುಟ್ಟಿದ ಮುಖಂಡ ಎಂಬ ಪದವನ್ನು ನಾವು ರಾಜಕೀಯದವರಿಗೆ ಬಿಟ್ಟುಕೊಟ್ಟಿದ್ದೇವೆ. ಹೊಲಿಗೆ ನೋಡಿ ಅಂಗಿ ಆರಿಸುವ ಹತ್ತೊಂಬತ್ತರ ಹುಡುಗನಿಗೆ ಅದು ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಇಷ್ಟರಲ್ಲಿ ಹುಡುಗಿ ಮುಖಪುಟದ ಮೊದಲ ಕರಡು ತೋರಿಸಿದಳು. ನಡುವೆ ಕೆಂಪು, ಬಿಳಿ, ನೀಲಿ ವೃತ್ತಗಳ ಗುರಿಹಲಗೆ. ಅದರ ಹಿಂದೆ ಯೂನಿಯನ್ ಜ್ಯಾಕ್. ಕೆಳಗೆ ಕಪ್ಪು ಬಿಳಿ ಚೌಕಳಿಯ ಪಟ್ಟಿ. ಹತ್ತು ಕನ್ನಡಿಗಳ ಸ್ಕೂಟರು. ಚೆನ್ನಾಗಿಯೇ ಇತ್ತು, ಟೀ ಶರ್ಟ್ ಅಂಗಡಿಯ ಮುಂದೆ ನಿಂತ ಹಾಗಿತ್ತು. ಹಾಗೇ ಹೇಳಿದೆ. ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಅವಳೇ ಬಂದು, “ಯಾವುದು ಎಲ್ಲಿಂದ ಬಂದದ್ದು ಅಂತ ಬಿಡಿಸಿ ನೋಡೋಣ” ಎಂದಳು. ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟವಾದದ್ದು ಆ ನಾಲ್ಕೈದು ಸಂಜೆಗಳು.

ಗುರಿಹಲಗೆ ಬಂದದ್ದು ಬ್ರಿಟಿಷ್ ವಾಯುಪಡೆಯ ವಿಮಾನಗಳ ರೆಕ್ಕೆಯಿಂದ. ಅದಕ್ಕೂ ಹಿಂದೆ ಫ್ರೆಂಚರ ಗುರುತು ಇತ್ತು, ನಡುವೆ ನೀಲಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಅದನ್ನೇ ಒಳಗಿನದು ಹೊರಗೆ ಮಾಡಿ ತೆಗೆದುಕೊಂಡರು. ಎರಡನೇ ಯುದ್ಧದಲ್ಲಿ ಬರ್ಮಾ ಕಡೆಗೆ ಹಾರುತ್ತಿದ್ದ ವಿಮಾನಗಳಲ್ಲಿ ನಡುವಿನ ಕೆಂಪನ್ನು ಅಳಿಸಿದರು, ಜಪಾನಿನ ಕೆಂಪು ಸೂರ್ಯನೆಂದು ತಿಳಿದು ತಮ್ಮವರೇ ಗುಂಡು ಹಾರಿಸಬಾರದೆಂದು. ಭಾರತೀಯ ವಾಯುಪಡೆಯ ವಿಮಾನಗಳಲ್ಲೂ ಆಗ ಇದ್ದುದು ಆ ನೀಲಿ ಗುರುತೇ. ಇಂಥ ಯುದ್ಧದ ಗುರುತನ್ನು ಎತ್ತಿ ಚಿತ್ರವಾಗಿಸಿದವರು ಪಾಪ್ ಕಲಾವಿದರು. ಜ್ಯಾಸ್ಪರ್ ಜಾನ್ಸ್ 1955ರಲ್ಲೇ ಗುರಿಹಲಗೆ ಬರೆದಿದ್ದ, ಲಂಡನ್ನಿನ ಪೀಟರ್ ಬ್ಲೇಕ್ 1961ರಲ್ಲಿ. ಅಲ್ಲಿಂದ ಅದು ದಿ ಹೂ ತಂಡದ ಡ್ರಮ್ಮರ್ ಕೀತ್ ಮೂನ್‌ನ ಎದೆಗೆ ಬಂತು. ಅದೇ ತಂಡದ ಪೀಟ್ ಟೌನ್ಸೆಂಡ್ 1965ರಲ್ಲಿ ದೇಶದ ಬಾವುಟವನ್ನೇ ಕೋಟಾಗಿ ಹೊಲಿಸಿಕೊಂಡ. ಅದು ದೇಶಭಕ್ತಿಯಲ್ಲ, ಹಿರಿಯರಿಗೆ ಚುಚ್ಚುವ ತಮಾಷೆ.

ಆದರೆ ನಾವು ಇವತ್ತು ಮಾಡ್ ಎಂದು ಗುರುತಿಸುವ ಇಡೀ ಪ್ಯಾಕೇಜು 1960ರ ದಶಕದಲ್ಲಿ ಕಟ್ಟಿದ್ದಲ್ಲ. ಮಾಡ್‌ಗಳ ಕಾಲ ಮುಗಿದ ಮೇಲೆ ದಿ ಹೂ 1973ರಲ್ಲಿ ‘ಕ್ವಾಡ್ರೊಫೀನಿಯಾ’ ಎಂಬ ಆಲ್ಬಂ ಮಾಡಿತು, ಕಪ್ಪು ಬಿಳಿ ಫೋಟೋಗಳ ಒಂದು ಪುಸ್ತಿಕೆಯನ್ನೂ ಜೊತೆಗಿಟ್ಟು. 1979ರಲ್ಲಿ ಅದು ಸಿನಿಮಾ ಆಯಿತು. ಅಷ್ಟರಲ್ಲಿ ದಿ ಜ್ಯಾಮ್ ಎಂಬ ತಂಡದ ಪಾಲ್ ವೆಲ್ಲರ್, ಪಂಕ್‌ನ ಹರಿದ ಅಂಗಿಗಳ ನಡುವೆ ಕಪ್ಪು ಸೂಟು ಹಾಕಿ ನಿಂತಿದ್ದ. ಅವರ 1978ರ ಆಲ್ಬಮ್ಮಿನ ಹೆಸರು ‘ಆಲ್ ಮಾಡ್ ಕಾನ್ಸ್’. ಬಾಡಿಗೆ ಮನೆಯ ಜಾಹೀರಾತಿನಲ್ಲಿ “ಸಕಲ ಆಧುನಿಕ ಸೌಕರ್ಯಗಳಿವೆ” ಎನ್ನುವುದಕ್ಕೆ ಅಲ್ಲಿ ಬಳಸುವ ಹ್ರಸ್ವರೂಪ ಅದು. ಮಾಡ್ ಎಂಬ ಪದ ಮನೆಯ ಮಾಡಿನ ಹತ್ತಿರವೇ ಸುತ್ತುತ್ತಿತ್ತು, ಅಪ್ಪ ತೀರಾ ತಪ್ಪು ಹೇಳಿರಲಿಲ್ಲ. 1979ರಲ್ಲಿ ಹದಿನೇಳರ ಹುಡುಗರು, ತಾವು ಹುಟ್ಟಿದಾಗ ಹದಿನೇಳಿದ್ದವರ ಬಟ್ಟೆ ಹುಡುಕಿ ಹಾಕಿಕೊಂಡರು. ‘ಮ್ಯಾಕ್ಸಿಮಮ್ ಸ್ಪೀಡ್’ನಂಥ ಪತ್ರಿಕೆಗಳನ್ನು ಟೈಪ್ ಮಾಡಿ, ಅಂಟಿಸಿ, ಪಿನ್ ಹೊಡೆದು ಹಂಚಿದರು. ಗುರಿಹಲಗೆ, ಬಾಣ, ಪಾರ್ಕಾ, ಸ್ಕೂಟರು ಎಲ್ಲ ಒಟ್ಟಿಗೆ ಒಂದು ಪುಟದಲ್ಲಿ ಕೂತದ್ದು ಆಗ. ರೆಟ್ರೋ ಎನ್ನುವುದೇ ಆಗಲೇ ರೆಟ್ರೋ.

ಪತ್ರಿಕೆ ವಿನ್ಯಾಸದ ವಿದ್ಯಾರ್ಥಿಗಳು ಪೂಜಿಸುವ ‘ದಿ ಫೇಸ್’ ಕೂಡ ಇದೇ ಬೇರಿನದು. ಅದನ್ನು 1980ರಲ್ಲಿ ಶುರು ಮಾಡಿದ ನಿಕ್ ಲೋಗನ್ ಯೌವನದಲ್ಲಿ ಮಾಡ್ ಆಗಿದ್ದವನು, ಹೆಸರು ಬಂದದ್ದು ಆ ಮುಖಂಡ ಎಂಬರ್ಥದ ಪದದಿಂದ. ಮೊದಲ ಸಂಚಿಕೆಯ ಮುಖಪುಟದಲ್ಲಿ ಇದ್ದವನು ಕೊವೆಂಟ್ರಿಯ ದಿ ಸ್ಪೆಶಲ್ಸ್ ತಂಡದ ಜೆರ್ರಿ ಡ್ಯಾಮರ್ಸ್. ಆಮೇಲೆ ನೆವಿಲ್ ಬ್ರೋಡಿ ಅಲ್ಲಿ ಅಕ್ಷರಗಳನ್ನು ತಾನೇ ಬರೆದು, ಎಳೆದು, ಕೊಯ್ದು ಪುಟ ಕಟ್ಟಿದ.

ಕಪ್ಪು ಬಿಳಿ ಚೌಕಳಿಗೆ ಬಂದಾಗ ನಾವು ನಿಂತೆವು. ಅದು ಮಾಡ್‌ಗಳದ್ದೇ ಅಲ್ಲ, ಡ್ಯಾಮರ್ಸ್ 1979ರಲ್ಲಿ ಕಟ್ಟಿದ ಟೂ ಟೋನ್ ರೆಕಾರ್ಡ್ಸ್‌ನದು. ಕರಿಯರು ಬಿಳಿಯರು ಒಂದೇ ವೇದಿಕೆಯಲ್ಲಿ ನುಡಿಸುವ ತಂಡಗಳು, ಅದಕ್ಕೇ ಆ ಎರಡು ಬಣ್ಣ. ಅದೇ ವರ್ಷಗಳಲ್ಲಿ ಯೂನಿಯನ್ ಜ್ಯಾಕ್ ಹಿಡಿದು ಬೀದಿಯಲ್ಲಿ ಮೆರವಣಿಗೆ ಹೋಗುತ್ತಿದ್ದುದು ವಲಸಿಗರನ್ನು ಹೊರಗಟ್ಟಿ ಎನ್ನುತ್ತಿದ್ದ ನ್ಯಾಷನಲ್ ಫ್ರಂಟ್. 1981ರಲ್ಲಿ ಕೊವೆಂಟ್ರಿಯ ಪೇಟೆಯಲ್ಲಿ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನನ್ನು ಇರಿದು ಕೊಂದರು. ಸ್ಪೆಶಲ್ಸ್ ತಮ್ಮ ಊರಿನಲ್ಲಿ ಜನಾಂಗದ್ವೇಷದ ವಿರುದ್ಧ ಕಾರ್ಯಕ್ರಮ ಮಾಡಿದರು. “ಅಂದ್ರೆ ನನ್ನ ಕವರಲ್ಲಿ ಇಬ್ಬರೂ ಪಕ್ಕಪಕ್ಕ ನಿಂತಿದ್ದಾರೆ” ಎಂದಳು ಹುಡುಗಿ. ಬಾವುಟದ ಪದರವನ್ನು ಅವಳೇ ಅಳಿಸಿದಳು. ಟೌನ್ಸೆಂಡ್‌ನ ತಮಾಷೆ ಅವನ ಕಾಲಕ್ಕೆ ಸರಿ, ನಾವು ಹದಿನೈದು ವರ್ಷ ಆಮೇಲಿನದನ್ನೂ ಓದಿಬಿಟ್ಟಿದ್ದೆವು. ಚೌಕಳಿಯನ್ನೂ ತೆಗೆದಳು, ಅದು ಬೇರೆಯವರದು ಎಂದು. ಖಾಲಿ ಬಿಳಿ ಪುಟ ಉಳಿಯಿತು.

ತುಂಬಿಸಿದ್ದು ಕನ್ನಡ ಅಕ್ಷರ. ಆ ಕಾಲದ ಇಂಗ್ಲಿಷ್ ಶೀರ್ಷಿಕೆಗಳು ದಪ್ಪ, ನೇರ, ಒತ್ತೊತ್ತಾಗಿ ಕೂತ ದೊಡ್ಡಕ್ಷರಗಳು. ನಮ್ಮಲ್ಲಿ ದೊಡ್ಡಕ್ಷರವೇ ಇಲ್ಲ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ದೀರ್ಘ ಪಕ್ಕಕ್ಕೆ ಚಾಚುತ್ತದೆ, ಸಾಲುಗಳನ್ನು ಹತ್ತಿರ ತಂದರೆ ಮೇಲಿನವರ ಕಾಲು ಕೆಳಗಿನವರ ತಲೆಗೆ ತಾಗುತ್ತದೆ. ಮುಂಬಯಿಯ ಏಕ್ ಟೈಪ್‌ನವರ ಅನೇಕ್ ಅಕ್ಷರಗಳಲ್ಲಿ ಅಗಲ ಬದಲಾಯಿಸಬಹುದಾದ್ದರಿಂದ ಸ್ವಲ್ಪ ಬಚಾವಾದೆವು. ಹುಡುಗಿಗೆ ಕನ್ನಡ ಓದುವುದು ಅಕ್ಷರ ಕೂಡಿಸಿಕೊಂಡು, ಬೋರ್ಡು ಓದಿದ ಹಾಗೆ. ಅದಕ್ಕೇ ಅವಳಿಗೆ ಕಂಡದ್ದು ನನಗೆ ಕಾಣಲಿಲ್ಲ. ವರ್ಣಮಾಲೆಯ ಪಟ್ಟಿ ನೋಡುತ್ತಿದ್ದವಳು ಥಟ್ಟನೆ ನಿಲ್ಲಿಸಿ, “ಚಿಕ್ಕಿ, ಇದು ಟಾರ್ಗೆಟ್ ಅಲ್ವಾ?” ಎಂದಳು.

ಠ. ವೃತ್ತ, ನಡುವೆ ಚುಕ್ಕೆ. ಲೋಕದ ಜನ ಫೋನಿನಲ್ಲಿ ದುರುಗುಟ್ಟುವ ಕಣ್ಣಾಗಿ ಎರಡೆರಡು ಠ ಒತ್ತುವುದನ್ನು ನೋಡಿದ್ದೇನೆ, ಅದು ಕನ್ನಡವೆಂದು ಅವರಿಗೆ ಗೊತ್ತಿಲ್ಲದಿದ್ದರೂ. ಆದರೆ ವಾಯುಪಡೆಯ ಗುರುತು ಅದರೊಳಗೆ ಕೂತಿದೆ ಎಂದು ನಾನು ಯೋಚಿಸಿರಲಿಲ್ಲ. ಅಚ್ಚಗನ್ನಡದಲ್ಲಿ ಮಹಾಪ್ರಾಣ ಇಲ್ಲ, ನಿಘಂಟಿನಲ್ಲಿ ಠ ಬಹಳ ತೆಳ್ಳನೆಯ ಭಾಗ. ಆ ಕೆಲವೇ ಪದಗಳಲ್ಲಿ ಠಾಕುಠೀಕು ಇದೆ, ಠೀವಿ ಇದೆ. ಮಾಡ್‌ಗಳನ್ನು ಎರಡು ಪದದಲ್ಲಿ ಹೇಳು ಎಂದರೆ ಅವೆರಡೇ. ಪತ್ರಿಕೆಯ ಹೆಸರು ‘ಠೀವಿ’ ಆಯಿತು. ಠೀಯ ಹೊಟ್ಟೆಯಲ್ಲಿ ಕೆಂಪು ಚುಕ್ಕೆ.

ಇನ್ನು ಲೇಖನ. ಸ್ಕೂಟರಿನ ಮೇಲೆ ಬರೆಯುತ್ತೇನೆ, ಅಜ್ಜನನ್ನು ಮಾತಾಡಿಸುತ್ತೇನೆ ಎಂದಳು. ನಾನು ತಡೆಯಬಹುದಿತ್ತು.

ಮಾಡ್‌ಗಳ ಎರಡು ಸ್ಕೂಟರುಗಳು ವೆಸ್ಪಾ ಮತ್ತು ಲ್ಯಾಂಬ್ರೆಟಾ. ವೆಸ್ಪಾ ನಮ್ಮಲ್ಲಿ ಬಜಾಜ್‌ಗೆ ಬಂತು. ಲ್ಯಾಂಬ್ರೆಟಾ ಮಿಲಾನಿನ ಇನೊಚೆಂಟಿ ಕಂಪನಿಯದು. ಅದನ್ನು ಮುಂಬಯಿಯ ಭಾಂಡುಪ್‌ನಲ್ಲಿ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾದವರು ತಯಾರಿಸುತ್ತಿದ್ದರು, ಮುಂದೆ ಅದರ ಹೆಸರು ಲ್ಯಾಂಬಿ ಆಯಿತು. 1970ರ ದಶಕದ ಶುರುವಿನಲ್ಲಿ ಇಟಲಿಯಲ್ಲಿ ಉತ್ಪಾದನೆ ನಿಂತಾಗ ಭಾರತ ಸರ್ಕಾರ ಇಡೀ ಯಂತ್ರಸಾಮಗ್ರಿಯನ್ನೇ ಕೊಂಡು ಲಕ್ನೋಗೆ ತಂದು ಸ್ಕೂಟರ್ಸ್ ಇಂಡಿಯಾ ಸ್ಥಾಪಿಸಿತು. ಇಲ್ಲಿ ವಿಜಯ್ ಡಿಲಕ್ಸ್ ಎಂದು ಮಾರಿದ್ದು ಅದೇ. ವಿದೇಶಕ್ಕೆ ಲ್ಯಾಂಬ್ರೆಟಾ ಹೆಸರಿನಲ್ಲೇ ಹೋಗುತ್ತಿತ್ತು. ಬ್ರಿಟನ್ನಿನ ಎರಡನೇ ತಲೆಮಾರಿನ ಮಾಡ್‌ಗಳಿಗೆ ಸಿಕ್ಕ ಹೊಸ ಲ್ಯಾಂಬ್ರೆಟಾಗಳಲ್ಲಿ ಲಕ್ನೋದವೂ ಇದ್ದವು.

ಅಪ್ಪ ಭಾಂಡುಪ್‌ನಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದರು. 1981ರಲ್ಲಿ ಒಂದು ಲ್ಯಾಂಬಿಯನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರು. ಹಾಲಿನ ಕ್ಯಾನು, ತೆಂಗಿನಕಾಯಿ ಚೀಲ, ಅಮ್ಮ, ಅಕ್ಕ, ಆಮೇಲೆ ನಾನು, ಎಲ್ಲರೂ ಅದರ ಮೇಲೆಯೇ. 2009ರಲ್ಲಿ ಒಬ್ಬ ವ್ಯಾಪಾರಿ ಬಂದು ಒಂಬತ್ತು ಸಾವಿರ ಕೊಟ್ಟು ಒಯ್ದ, ರಿಪೇರಿ ಮಾಡಿ ಇಂಗ್ಲೆಂಡಿಗೆ ಕಳಿಸುತ್ತೇನೆ ಎಂದು. ಅಂದಿನಿಂದ ಅಪ್ಪನ ಒಂದು ಮಾತು ಮದುವೆ ಮುಂಜಿಗಳಲ್ಲೆಲ್ಲ ಕೇಳಿಸುತ್ತದೆ: “ನಾನು ಲಂಡನ್ನಿಗೆ ಹೋಗ್ಲಿಲ್ಲ, ನನ್ನ ಗಾಡಿ ಹೋಯ್ತು.” ಅಮ್ಮ ತೀರಿಕೊಂಡು ಅವರು ನನ್ನ ಜೊತೆ ಪುಣೆಗೆ ಬಂದ ಮೇಲೆ ಆ ಮಾತು ಹೆಚ್ಚಾಯಿತು.

ಹುಡುಗಿ ಚೆನ್ನಾಗಿ ಬರೆದಿದ್ದಳು. 1983ರ ಒಂದು ಫೋಟೋ, ಅಪ್ಪ ಅಮ್ಮ ಮತ್ತು ನಡುವೆ ನಿಂತ ಅಕ್ಕ, ಅದನ್ನು ಚುಕ್ಕಿಚುಕ್ಕಿ ಮಾಡಿ ಎಡಪುಟ ಪೂರ್ತಿ ಹರಡಿದ್ದಳು. ಬಲಪುಟದ ಕೊನೆಯಲ್ಲಿ ತಾನು ಓದಿ ತಿಳಿದದ್ದನ್ನೂ ಬರೆದಿದ್ದಳು. ಹೀಗೆ ಇಲ್ಲಿಂದ ಹೋದ ಎಷ್ಟೋ ಸ್ಕೂಟರುಗಳಿಗೆ ಅಲ್ಲಿ ಕೆಟ್ಟ ಹೆಸರು. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ, ಹೊಳೆಯುವ ಪೇಂಟು ಹೊಡೆದು, ಕೆಲವನ್ನು ಇಟಲಿಯದ್ದೇ ಎಂದು ಮಾರುತ್ತಿದ್ದರು, ಒಳಗೆ ಚಾಸಿ ಬಿರುಕು. ಅಜ್ಜನದೂ ಹಾಗೇ ಹೋಗಿರಬಹುದು. ಎರಡೇ ವಾಕ್ಯ.

ನಾನು ಆ ಎರಡು ವಾಕ್ಯಗಳನ್ನು ಕನ್ನಡಕ್ಕೆ ತರಲಿಲ್ಲ. ಬಿಟ್ಟೆ. ಹನ್ನೊಂದು ವರ್ಷಗಳ ಈ ಕಸುಬಿನಲ್ಲಿ ಗಡಿಬಿಡಿಗೆ ಪದಗಳು ಬಿದ್ದುಹೋದದ್ದುಂಟು, ಬೇಕೆಂದು ಬಿಟ್ಟದ್ದು ಅದೇ ಮೊದಲು. ಅವಳು ಕನ್ನಡವನ್ನು ಅಷ್ಟು ಬೇಗ ಓದಲಾರಳು, ಅಪ್ಪ ಇಂಗ್ಲಿಷನ್ನು ಅಷ್ಟು ಓದಲಾರರು, ನಡುವೆ ನಾನೊಬ್ಬಳೇ ಇರುವುದು ಎಂದುಕೊಂಡೆ.

ಏಪ್ರಿಲಿನಲ್ಲಿ ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮೂರನೇ ದಿನ, ಕಣ್ಣಿಗೆ ಔಷಧಿ ಬಿಟ್ಟುಕೊಂಡು ಮಲಗಿದ್ದವರು, ನನ್ನ ಗಾಡಿ ಬಗ್ಗೆ ಬರೆದದ್ದನ್ನು ಓದು ಎಂದರು. ಓದಿದೆ. ಹುಡುಗಿ ಮಂಚದ ಕಾಲ ಬಳಿ ಕೂತಿದ್ದಳು. ಕಿವಿಯಿಂದ ಅವಳಿಗೆ ಕನ್ನಡ ಚೆನ್ನಾಗಿ ಬರುತ್ತದೆ ಎನ್ನುವುದು ಆ ಕ್ಷಣ ನನಗೆ ಮರೆತಿತ್ತು.

“ಚಿಕ್ಕಿ, ಎರಡು ಸೆಂಟೆನ್ಸ್ ಬಿಟ್ಟೆ ನೀನು.”

“ಎಂತ ಬಿಟ್ಟದ್ದು?” ಎಂದರು ಅಪ್ಪ. ನಾನು ಮಾತಾಡಲಿಲ್ಲ. ಅವಳು ತನ್ನ ಪುಣೆ ಕನ್ನಡದಲ್ಲಿ, ಮರಾಠಿ ಸೇರಿಸಿ, ಹೇಳಿದಳು. ಪುಟ್ಟಿ, ಬಿರುಕು, ಸುಳ್ಳು, ಎಲ್ಲ.

ಅಪ್ಪ ಮಾಡು ನೋಡುತ್ತ ಸುಮಾರು ಹೊತ್ತು ಮಲಗಿದ್ದರು. ಆಮೇಲೆ, “ಚಾಸಿ ಮುಂಚೆಯೇ ಎರಡು ಸಲ ವೆಲ್ಡಿಂಗ್ ಮಾಡಿಸಿದ್ದೆ. ಕಾಲಿಡುವ ತಗಡಿಗೂ ತೇಪೆ ಹಾಕ್ಸಿದ್ದೆ. ಅವನು ಬರುವ ಹಿಂದಿನ ವಾರ ನಾನೇ ಪೇಂಟ್ ಹೊಡೆಸಿದ್ದು. ಅವನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ನಾಲ್ಕು ಸಾವಿರ ಬಂದ್ರೆ ಸಾಕು ಅಂತ ಇದ್ದೆ, ಒಂಬತ್ತು ಕೊಟ್ಟ” ಎಂದರು.

ನನಗೆ ನಗು ಬಂತು. ಹುಡುಗಿಗೂ. ಅಪ್ಪ ನಗಲಿಲ್ಲ.

“ಅಲ್ಲಿ ಯಾವುದಾದ್ರೂ ಹುಡುಗ ಅದರ ಮೇಲೆ ಕೂತು ಜೋರು ಬಿಟ್ಟು, ಅದು ನಡುವೆ ಮುರಿದಿದ್ರೆ?”

ನಾವು ಇಬ್ಬರೂ ಸುಮ್ಮನಾದೆವು. ಹದಿನೈದು ವರ್ಷ ಮದುವೆಮನೆಗಳಲ್ಲಿ ಆ ಮಾತು ಹೇಳುವಾಗಲೆಲ್ಲ ಅವರ ತಲೆಯಲ್ಲಿ ಇದೂ ಇತ್ತೋ, ಆಗಷ್ಟೇ ಬಂದದ್ದೋ ಕೇಳಲಾಗಲಿಲ್ಲ. ಎಲ್ಲಿದೆ ಎಂದು ಹುಡುಕಬಹುದಾ ಎಂದು ಮೊಮ್ಮಗಳನ್ನು ಕೇಳಿದರು. ನಂಬರು ಉಜ್ಜಿ ಬೇರೆ ಹೊಡೆದಿರುತ್ತಾರೆ ಅಜ್ಜ ಎಂದಳು. ಇರಲಿ ಬರ್ಕೋ ಎಂದು ಚಾಸಿಯ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದರು. ಅಮ್ಮನ ಜನ್ಮದಿನ ಅವರಿಗೆ ಯಾವತ್ತೂ ನೆನಪಿರುತ್ತಿರಲಿಲ್ಲ.

ಎರಡು ವಾಕ್ಯಗಳನ್ನು ಅದೇ ರಾತ್ರಿ ಕನ್ನಡ ಮಾಡಿದೆ. ಅಪ್ಪ ಹೇಳಿದ ವೆಲ್ಡಿಂಗ್ ವಿಷಯ ಸೇರಿ ಅವು ಐದಾದವು, ಪುಟ ತುಂಬಿ ಚೆಲ್ಲಿತು, ಅನೇಕ್ ಅಕ್ಷರಗಳನ್ನು ಇನ್ನೊಂದಿಷ್ಟು ಇಕ್ಕಟ್ಟು ಮಾಡಬೇಕಾಯಿತು. ಪತ್ರಿಕೆಗಳಲ್ಲಿ ಬಾರ್‌ಕೋಡ್ ಇರುವ ಮೂಲೆ ಖಾಲಿಯಿತ್ತು. ಮಾರುವ ಪತ್ರಿಕೆಯಲ್ಲವಲ್ಲ. ಅಲ್ಲಿ ಹುಡುಗಿ ಆ ಚಾಸಿ ನಂಬರು ಹಾಕಿದಳು.

ನಲವತ್ತು ಪ್ರತಿ ಅಚ್ಚಾಗಿ ಬಂದವು. ಅಪ್ಪ ಹೊಸ ಕನ್ನಡಕ ಹಾಕಿಕೊಂಡು ಮುಖಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಠೀವಿಯ ಬಗ್ಗೆ ಏನೂ ಹೇಳಲಿಲ್ಲ. ಮೂಲೆಯ ಮೇಲೆ ಬೆರಳಿಟ್ಟು, “ಕೊನೆಯದು ಏಳಲ್ಲ ಮಗಾ, ಒಂದು” ಎಂದರು. ಹುಡುಗಿ ಕಪ್ಪು ಪೆನ್ನು ತಂದು ನೆಲದ ಮೇಲೆ ಕೂತು, ನಲವತ್ತನ್ನೂ ಒಂದೊಂದಾಗಿ ತಿದ್ದಿದಳು.